ಅಂಟಮ್ಮ ಮತ್ತು ನೂರಹದಿನೇಳನೆಯ ಪುಸ್ತಕ

ವೈದ್ಯಕೀಯ ಕಾಲೇಜಿನ ಹಳೇ ಗ್ರಂಥಾಲಯದಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದು ಅಂಟಮ್ಮ ಎಂದು. ಹಾಜರಿ ಪುಸ್ತಕದಲ್ಲಿ ಬೇರೆ ಹೆಸರಿತ್ತು, ನಿಜ. ಆದರೆ ಹಾಜರಿ ಪುಸ್ತಕವನ್ನು ಕುಳಿತು ಓದುವವರು ಯಾರು? ಬೆಳಗ್ಗೆ ಒಂಬತ್ತೂವರೆಗೆ ಅವಳು ಹಿಂದಿನ ಕೋಣೆಯ ಒಲೆ ಹಚ್ಚಿ, ಮೈದಾ ಹಿಟ್ಟನ್ನು ನೀರಿನಲ್ಲಿ ಕದಡಿ, ಗಂಟು ಕಟ್ಟದಂತೆ ಕೈ ಬಿಡದೆ ತಿರುವಿ ಅಂಟು ಕಾಯಿಸುತ್ತಿದ್ದಳು. ಆಮೇಲೆ ಆ ಪಾತ್ರೆಯನ್ನು ಎರಡೂ ಕೈಯಲ್ಲಿ ಹಿಡಿದು ಉದ್ದನೆಯ ಕಾರಿಡಾರಿನಲ್ಲಿ ಬರುತ್ತಿದ್ದರೆ ವಿದ್ಯಾರ್ಥಿಗಳು ಗೋಡೆಗೆ ಒತ್ತಿಕೊಂಡು ದಾರಿ ಬಿಡುತ್ತಿದ್ದರು. ಡೀನ್ ಬಂದರೂ ಅಷ್ಟು ಬೇಗ ದಾರಿ ಸಿಗುತ್ತಿರಲಿಲ್ಲ. ಡೀನ್ ಮೈಗೆ ತಾಗಿದರೆ ಅಂಟಿಕೊಳ್ಳುವುದಿಲ್ಲವಲ್ಲ!

ಅವಳು ಈ ಕೆಲಸಕ್ಕೆಂದು ಬಂದವಳೇ ಅಲ್ಲ. ಮೂವತ್ತೊಂದು ವರ್ಷದ ಹಿಂದೆ, ಓದುವ ಕೋಣೆಯ ಕಿಟಕಿಗಳಿಗೆ ಪರದೆ ಹೊಲಿಯಲು ಅವಳ ಗಂಡನಿಗೆ ಹೇಳಿ ಕಳಿಸಿದ್ದರು. ಗಂಡ ಟೈಲರ್. ಅವನಿಗೆ ಅಂಗಡಿ ಬಿಟ್ಟು ಬರಲು ಆಗದೆ ಹೆಂಡತಿಯನ್ನು ಕಳಿಸಿದ. ಆಗಿನ ಗ್ರಂಥಪಾಲರು ಅವಳ ಹೊಲಿಗೆಯನ್ನು ಕನ್ನಡಕ ಏರಿಸಿ ನೋಡಿ, "ಪುಸ್ತಕ ಹೊಲೀತೀಯೇನಮ್ಮಾ?" ಎಂದು ಕೇಳಿದರು. "ಬಟ್ಟೆ ಆದ್ರೇನು, ಕಾಗದ ಆದ್ರೇನು, ಸೂಜಿಗೆ ಎರಡೂ ಒಂದೇ ಸಾರ್" ಎಂದಳು. ಪರದೆ ಹೊಲಿಯಲು ಬಂದವಳು ಪರದೆ ಹರಿದು, ಮತ್ತೆ ಹೊಸದು ಬಂದು, ಅದೂ ಹರಿಯುವವರೆಗೆ ಅಲ್ಲೇ ಉಳಿದಳು.

ಅವಳ ಕೋಣೆಯ ಗೋಡೆಯುದ್ದಕ್ಕೂ ಬೀಗವಿದ್ದ ಗಾಜಿನ ಬೀರುಗಳು. ಒಳಗೆ ನಾನ್ನೂರ ಹನ್ನೆರಡು ಪುಸ್ತಕಗಳು, ಎಲ್ಲವೂ ಅಚ್ಚಿನ ಯಂತ್ರ ಹೊಸದಾಗಿದ್ದ ಕಾಲದವು. ವೈದ್ಯ, ನಕ್ಷತ್ರ, ಗಿಡಮೂಲಿಕೆ, ಗಣಿ, ಹೆರಿಗೆ, ಕುದುರೆಯ ಕಾಯಿಲೆ, ಹೀಗೆ ಏನುಂಟು ಏನಿಲ್ಲ. ಯಾರೋ ಒಬ್ಬ ಶ್ರೀಮಂತ ಡಾಕ್ಟರು ಸಾಯುವಾಗ ಕಾಲೇಜಿಗೆ ಬರೆದಿಟ್ಟು ಹೋಗಿದ್ದು. ಎಲ್ಲ ಇರುವುದು ಈಗ ಯಾರೂ ಆಡದ ಹಳೇ ಭಾಷೆಗಳಲ್ಲಿ. ಅಂಟಮ್ಮನಿಗೆ ಅದರ ಒಂದಕ್ಷರವೂ ಬಾರದು. ಆದರೆ ಯಾವ ಪುಸ್ತಕದ ಬೆನ್ನು ನೋಯುತ್ತಿದೆ, ಯಾವುದರ ರಟ್ಟು ಸಡಿಲವಾಗಿದೆ, ಯಾವುದಕ್ಕೆ ಹುಳ ಹೊಕ್ಕಿದೆ ಎಂಬುದು ಅವಳಿಗೆ ಬಾಯಿಪಾಠ. ಕಾಲೇಜಿನ ಡಾಕ್ಟರುಗಳು ಮನುಷ್ಯರನ್ನು ನೋಡಿಕೊಂಡರೆ, ಆ ಡಾಕ್ಟರುಗಳ ಮುತ್ತಜ್ಜಂದಿರ ಪುಸ್ತಕಗಳನ್ನು ನೋಡಿಕೊಳ್ಳುತ್ತಿದ್ದದ್ದು ಇವಳು.

ಅವಳಿಗೆ ಎರಡು ಹಟ ಇದ್ದವು. ಒಂದು, ಅಂಟು ಮೈದಾದ್ದೇ ಆಗಬೇಕು. ಕಚೇರಿಯವರು ಡಬ್ಬಿಯಲ್ಲಿ ಬರುವ ಬಿಳಿ ಗೋಂದು ಕೊಟ್ಟಾಗೆಲ್ಲ ಅವಳು ಅದನ್ನು ಕುರ್ಚಿಯ ಕಾಲು ಅಂಟಿಸಲು ಬಳಸಿಬಿಡುತ್ತಿದ್ದಳು. "ಅದು ಒಂದ್ಸಲ ಹಿಡಿದ್ರೆ ಬಿಡೋದೇ ಇಲ್ಲ. ನಾಳೆ ನನಗಿಂತ ಬುದ್ಧಿವಂತರು ಬಂದು ಬಿಚ್ಚಬೇಕು ಅಂದ್ರೆ?" ಎನ್ನುತ್ತಿದ್ದಳು. ಇನ್ನೊಂದು ಹಟ ನೋಟ್‌ಬುಕ್ಕಿನದು. ಟೈಲರ್ ಅಂಗಡಿಯಲ್ಲಿ ಅಳತೆ ಬರೆದಿಟ್ಟುಕೊಳ್ಳದೆ ಕತ್ತರಿ ಹಾಕುವ ಹಾಗಿಲ್ಲ. ಆ ಅಭ್ಯಾಸ ಅವಳ ಜೊತೆ ಗ್ರಂಥಾಲಯಕ್ಕೂ ಬಂತು. ಪ್ರತಿ ಪುಸ್ತಕ ಕೈಗೆ ಬಂದಾಗಲೂ ಏನು ಕಿತ್ತಿತ್ತು, ಏನು ಉದುರಿತ್ತು, ಎಲ್ಲಿ ಅಂಟಿಸಿದೆ ಎಂದು ಬರೆಯುತ್ತಿದ್ದಳು. ಪುಸ್ತಕದ ಹೆಸರು ಓದಲು ಬಾರದ್ದರಿಂದ ಪುಟವನ್ನೇ ಪೆನ್ಸಿಲ್ಲಿನಲ್ಲಿ ಚಿಕ್ಕದಾಗಿ ಬಿಡಿಸಿ, ಪಕ್ಕದಲ್ಲಿ ಬೀರುವಿನ ನಂಬರು ಹಾಕುತ್ತಿದ್ದಳು. ಹೀಗೆ ತುಂಬಿದ ಹನ್ನೊಂದು ನೋಟ್‌ಬುಕ್ಕುಗಳು ದಾರದುಂಡೆಗಳ ಕೆಳಗಿನ ಡ್ರಾಯರಿನಲ್ಲಿದ್ದವು. ಯಾರೂ ಕೇಳಲಿಲ್ಲ, ಅವಳೂ ತೋರಿಸಲಿಲ್ಲ.

ಪಕ್ಕದ ಕೋಣೆಯಲ್ಲಿ ಪಟ್ಟಿ ಮೇಷ್ಟ್ರು ಇದ್ದರು. ಅವರು ಯಾರಿಗೂ ಪಾಠ ಹೇಳಿದವರಲ್ಲ. ಪೆನ್ಸಿಲನ್ನು ಕಿವಿಯ ಮೇಲೆ ಸಿಕ್ಕಿಸಿಕೊಂಡು ಎಲ್ಲರ ತಪ್ಪನ್ನೂ ತಿದ್ದುತ್ತಿದ್ದುದರಿಂದ ಮೇಷ್ಟ್ರು. ಇಪ್ಪತ್ತೆರಡು ವರ್ಷದಿಂದ ಆ ನಾನ್ನೂರ ಹನ್ನೆರಡು ಪುಸ್ತಕಗಳ ಪಟ್ಟಿ ಮಾಡುತ್ತಿದ್ದುದರಿಂದ ಪಟ್ಟಿ ಮೇಷ್ಟ್ರು. ಪಟ್ಟಿ ಎಂದರೆ ಹೆಸರು ಬರೆದು ಗೀಟು ಎಳೆದು ಮುಗಿಸುವುದಲ್ಲ. ಪುಸ್ತಕ ಎಲ್ಲಿ, ಯಾವಾಗ, ಯಾರ ಅಚ್ಚಿನಮನೆಯಲ್ಲಿ ಆಯಿತು, ಎಷ್ಟು ಹಾಳೆ, ಯಾವ ಹಾಳೆಯ ಬುಡದಲ್ಲಿ ಯಾವ ಗುರುತಿನ ಅಕ್ಷರ, ಬೆಳಕಿಗೆ ಹಿಡಿದರೆ ಕಾಗದದೊಳಗೆ ಅದನ್ನು ತಯಾರಿಸಿದವರ ಗುರುತಾಗಿ ಎತ್ತಿನ ತಲೆ ಕಾಣುತ್ತದೋ ಕಿರೀಟ ಕಾಣುತ್ತದೋ, ಅಂಚಿನಲ್ಲಿ ಯಾರು ಏನು ಗೀಚಿದ್ದಾರೆ, ಎಲ್ಲವೂ ಬೇಕು. ಒಂದು ಪುಸ್ತಕಕ್ಕೆ ಅವರು ಎರಡು ವಾರ ತೆಗೆದುಕೊಂಡರೆ ಬೇಗ ಮುಗಿಯಿತೆಂದು ಲೆಕ್ಕ. ಯಾವುದೋ ಹಾಳೆಯನ್ನು ಯಾರು ಅಂಟಿಸಿದರು, ಯಾವ ರಟ್ಟನ್ನು ಯಾರು ಬದಲಿಸಿದರು ಎಂದು ತಿಳಿಯದಾದಾಗ ನಿಟ್ಟುಸಿರು ಬಿಟ್ಟು ಎರಡೇ ಪದ ಬರೆಯುತ್ತಿದ್ದರು: "ಅಜ್ಞಾತ ಕೈ." ಪಟ್ಟಿಯ ತುಂಬ ಈ ಅಜ್ಞಾತ ಕೈಗಳದೇ ಓಡಾಟ.

ಕೊನೆಗೂ ಪಟ್ಟಿ ಮುಗಿದು ಅಚ್ಚಿಗೆ ಹೋಯಿತು. ಪ್ರೂಫ್ ಬಂದಾಗ ಮೇಷ್ಟ್ರು ಕಟ್ಟನ್ನು ಎದೆಗೊತ್ತಿಕೊಂಡು ಅಂಟಮ್ಮನ ಕೋಣೆಗೆ ಬಂದರು. "ಅಂಟಮ್ಮಾ, ಪ್ರೂಫ್ ನೋಡೋಕೆ ಇಬ್ಬರು ಬೇಕು. ನೀವು ನನ್ನ ಕೈಬರಹ ಜೋರಾಗಿ ಓದಿ. ನಾನು ಅಚ್ಚಾಗಿರೋದನ್ನ ನೋಡ್ತಾ ತಿದ್ದುತೀನಿ. ಈ ಕಟ್ಟಡದಲ್ಲಿ ಸ್ಪಷ್ಟವಾಗಿ ಓದೋರು ನೀವೊಬ್ಬರೇ."

"ನನಗೇನು ಅರ್ಥ ಆಗುತ್ತೆ ಸಾರ್ ಅದೆಲ್ಲ?"

"ಅರ್ಥ ಆಗದೇ ಇರೋರೇ ಬೇಕು. ಅರ್ಥ ಆಗೋರು ಅಕ್ಷರ ನುಂಗಿ ಓದ್ತಾರೆ."

ಹೀಗೆ ಹತ್ತು ದಿನ ಇಬ್ಬರೂ ಎದುರುಬದುರು ಕುಳಿತರು. ಅವಳು ಅಲ್ಪವಿರಾಮವನ್ನೂ ಬಿಡದೆ ಓದಿದಳು, ಅವರು ಕೆಂಪು ಪೆನ್ನಿನಲ್ಲಿ ತಿದ್ದಿದರು. ಹನ್ನೊಂದನೆಯ ದಿನ ನೂರಹದಿನೇಳನೆಯ ಪುಸ್ತಕ ಬಂತು. ಮೇಷ್ಟ್ರು ಕುರ್ಚಿಯಲ್ಲಿ ನೆಟ್ಟಗಾದರು. "ಇದನ್ನ ನಿಧಾನ ಓದಿ" ಎಂದರು.

ಅದು ದೇಹದ ಒಳಗೇನಿದೆ ಎಂದು ತೋರಿಸುವ ತೆಳ್ಳನೆಯ ಪುಸ್ತಕ. ನಡುವಿನ ಹಾಳೆಯಲ್ಲಿ ಒಬ್ಬ ಮನುಷ್ಯ ಎರಡೂ ಕೈ ಅಗಲಿಸಿ ನಮ್ಮ ಕಡೆಗೇ ಮುಖ ಮಾಡಿ ನಿಂತಿದ್ದಾನೆ. ಅವನ ಹೊಟ್ಟೆಯ ಮೇಲೆ ಕಾಗದದ ಚೂರುಗಳನ್ನು ಒಂದಂಚು ಮಾತ್ರ ಹಿಡಿಯುವಂತೆ ಒಂದರ ಮೇಲೊಂದು ಅಂಟಿಸಿದ್ದಾರೆ. ಚರ್ಮ ಎತ್ತಿದರೆ ಪಕ್ಕೆಲುಬು, ಪಕ್ಕೆಲುಬು ಎತ್ತಿದರೆ ಹೃದಯ, ಯಕೃತ್ತು, ಜಠರ, ಕರುಳು. ಆಗಿನ ಕಾಲದ ವಿದ್ಯಾರ್ಥಿಗಳು ಹೆಣ ಸಿಗದಾಗ ಇದನ್ನೇ ಎತ್ತಿ ಎತ್ತಿ ಕಲಿಯುತ್ತಿದ್ದರಂತೆ.

ಅಂಟಮ್ಮ ಓದಿದಳು: "ತಿಳಿದಿರುವ ಇತರ ಮೂರು ಪ್ರತಿಗಳಲ್ಲಿ ಯಕೃತ್ತಿನ ಚೂರು ಪುಟದ ಎಡಭಾಗದಲ್ಲಿದೆ. ನಮ್ಮ ಪ್ರತಿಯಲ್ಲಿ ಅದು ಬಲಭಾಗದಲ್ಲಿದೆ. ಅಚ್ಚಿನಮನೆಯಲ್ಲಿ ಮೊದಲು ಹೀಗೆ ತಪ್ಪಾಗಿ ಅಂಟಿಸಿ, ತಪ್ಪು ಗಮನಕ್ಕೆ ಬಂದ ಮೇಲೆ ಉಳಿದ ಪ್ರತಿಗಳಲ್ಲಿ ತಿದ್ದಿರಬೇಕು. ಹಾಗಾಗಿ ಅಚ್ಚಿನಮನೆಯಿಂದ ಎಲ್ಲಕ್ಕಿಂತ ಮೊದಲು ಹೊರಬಿದ್ದ ಪ್ರತಿ ಇದು. ಜಗತ್ತಿನಲ್ಲಿ ಇಂಥದು ಇದೊಂದೇ."

"ಇದೊಂದೇ!" ಎಂದು ಮೇಷ್ಟ್ರು ಮೇಜು ಕುಟ್ಟಿದರು. "ಇಪ್ಪತ್ತೆರಡು ವರ್ಷ ಬೇರೆಯವರು ಕಂಡುಹಿಡಿದಿದ್ದನ್ನೇ ನಾನು ಬರೆದಿದ್ದು. ಇದು ಮಾತ್ರ ನಾನು ಕಂಡಿದ್ದು. ದೊಡ್ಡ ಗ್ರಂಥಾಲಯದ ವಿದುಷಿಯೊಬ್ಬರಿಗೆ ಬರೆದಿದ್ದೆ. ಬರೋ ಸೋಮವಾರ ಅವರೇ ನೋಡೋಕೆ ಬರ್ತಿದ್ದಾರೆ. ನಿಮ್ಮ ಯಜಮಾನರ ಹತ್ರ ಹೊಸ ಕೋಟು ಹೊಲಿಯೋಕೆ ಹಾಕ್ತೀನಿ. ಈ ಕೋಟಲ್ಲಿ ಅವರ ಎದುರು ನಿಂತರೆ ನಾನೇ ಒಂದು ಹಳೇ ಪ್ರತಿ ಥರ ಕಾಣ್ತೀನಿ."

ಅಂಟಮ್ಮ ನಕ್ಕಳು. ನಗುತ್ತಲೇ ಆ ಸಾಲನ್ನು ಮನಸ್ಸಿನಲ್ಲಿ ಇನ್ನೊಮ್ಮೆ ಓದಿಕೊಂಡಳು. ಆ ಯಕೃತ್ತನ್ನು ಅಂಟಿಸಿದವಳು ಅವಳೇ.

ಅವಳಿಗೆ ಚೆನ್ನಾಗಿ ನೆನಪಿತ್ತು. ಕೆಲಸಕ್ಕೆ ಸೇರಿದ ಎರಡನೆಯ ವರ್ಷ, ಮೇಷ್ಟ್ರು ಇನ್ನೂ ಬಂದಿರದ ಕಾಲ. ಪುಸ್ತಕ ಬಿಡಿಸಿದ ಕೂಡಲೇ ಅಂಗೈಯಗಲದ ಒಂದು ಚೂರು ನೆಲಕ್ಕೆ ಬಿತ್ತು. ಅದು ಯಕೃತ್ತು ಎಂದು ಗುರುತು ಹಿಡಿದವರು ಆಗಿನ ಗ್ರಂಥಪಾಲರು. ಎಲ್ಲಿ ಅಂಟಿಸಬೇಕೆಂದು ಅವರಿಗೂ ಗೊತ್ತಿರಲಿಲ್ಲ. ಅಂಟಮ್ಮ ಅಂದಾಜಿಗೆ ಕೈ ಹಾಕುವವಳಲ್ಲ. ಕಾರಿಡಾರಿಗೆ ಹೋಗಿ, ಬಿಳೀ ಕೋಟಿನ ವಿದ್ಯಾರ್ಥಿಯೊಬ್ಬನನ್ನು ನಿಲ್ಲಿಸಿ, "ಲಿವರ್ ಯಾವ ಕಡೆ ಇರುತ್ತಪ್ಪಾ?" ಎಂದು ಕೇಳಿದ್ದಳು. ಅವನು ತನ್ನ ಪಕ್ಕೆ ಮುಟ್ಟಿಕೊಂಡು, "ಬಲಗಡೆ ಅಕ್ಕಾ. ಇಷ್ಟೂ ಗೊತ್ತಿಲ್ದಿದ್ರೆ ಪಾಸ್ ಮಾಡ್ತಾರಾ?" ಎಂದಿದ್ದ. ಅವಳು ಬಂದು ಬಲಗಡೆಗೇ ಅಂಟಿಸಿದ್ದಳು. ಅಲ್ಲಿ ಅದು ಜಠರದ ಚೂರಿನ ಜೊತೆ ಸ್ವಲ್ಪ ಗುದ್ದಾಡಿತು. ಹಳೇ ಪುಸ್ತಕ, ಹಳೇ ತಿಳಿವಳಿಕೆ, ಅಷ್ಟಿಷ್ಟು ಹೆಚ್ಚುಕಡಿಮೆ ಇದ್ದೀತು ಎಂದುಕೊಂಡಿದ್ದಳು. ಹಾಗಾದರೆ ತಪ್ಪು ಬೇರೆ ಮೂರು ಪ್ರತಿಗಳದೇ ಇರಬೇಕು ಎಂದು ಈಗ ಅಂದುಕೊಂಡಳು. ಡಾಕ್ಟರೇ ಹೇಳಿದ ಮೇಲೆ ಇನ್ನೇನು? ಹೀಗೆಲ್ಲ ಮನಸ್ಸಿಗೆ ಸಮಾಧಾನ ಹೇಳಿಕೊಂಡು ಅವಳು ಮನೆಗೆ ಹೋದಳು.

ಆ ಸಮಾಧಾನ ಮಾರನೆಯ ದಿನ ಸಂಜೆಯವರೆಗೆ ಇತ್ತು. ಕೆಲಸ ಮುಗಿಸಿ ಗಂಡನ ಅಂಗಡಿಗೆ ಹೋದರೆ ಮೇಷ್ಟ್ರು ಕೋಟಿನ ಅಳತೆ ಕೊಡುತ್ತಿದ್ದರು. ಮೂಲೆಯಲ್ಲಿ ಅತ್ತೆ ಅಂಗಿಗೆ ಗುಂಡಿ ಹಾಕುತ್ತ ಕುಳಿತಿದ್ದರು. ಎಂಬತ್ತು ದಾಟಿದರೂ ಅವರಿಗೆ ಸೂಜಿಯ ಕಣ್ಣು ಕಾಣುತ್ತಿತ್ತು, ಕಿವಿ ಮಾತ್ರ ಬೇಕಾದಾಗ ಕೇಳುತ್ತಿತ್ತು. ಹಳೇ ಕೋಟನ್ನೇ ತೊಟ್ಟ ಮೇಷ್ಟ್ರು ಎರಡೂ ಕೈ ಅಗಲಿಸಿ ನಿಂತಿದ್ದರು. ಗಂಡ ಎದುರು ನಿಂತು ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಿದ್ದ.

"ಜೇಬು ಎಡಗಡೆಗೇ ತಾನೇ?" ಎಂದರು ಮೇಷ್ಟ್ರು.

"ಎಡಗಡೆಗೇ ಸಾರ್" ಎನ್ನುತ್ತ ಅವನು ಬಲಗೈ ನೇರ ಮುಂದೆ ಚಾಚಿ ಗೀಟೆಳೆದ. "ನಿಮ್ಮ ಎಡ, ನನ್ನ ಬಲ. ಕಸುಬು ಕಲಿಯೋಕೆ ಬಂದೋರಿಗೆ ಮೊದಲನೇ ದಿನ ಹೇಳಿಕೊಡೋದೇ ಇದು. ಎದುರಿಗೆ ನಿಂತಿರೋರ ಎಡಬಲ ನೋಡ್ಬೇಕು, ನಮ್ಮದಲ್ಲ. ನಾನೂ ಶುರುವಿನಲ್ಲಿ ಒಬ್ಬ ಪೋಸ್ಟ್‌ಮನ್‌ಗೆ ಬಲಗಡೆ ಜೇಬಿಟ್ಟು ಬೈಸಿಕೊಂಡಿದ್ದೆ."

ಅಂಟಮ್ಮ ಗಂಡನ ಹಿಂದೆ ನಿಂತು ನೋಡುತ್ತಿದ್ದಳು. ಕೈ ಅಗಲಿಸಿ, ತನ್ನ ಕಡೆಗೇ ಮುಖ ಮಾಡಿ ನಿಂತ ಮೇಷ್ಟ್ರು. ಅವರ ಬಲಪಕ್ಕೆ ತನ್ನ ಎಡಕ್ಕೆ. ಅವರ ಯಕೃತ್ತು ತನ್ನ ಎಡಕ್ಕೆ. ಅವಳು ಪಕ್ಕದಲ್ಲಿದ್ದ ಸ್ಟೂಲಿನ ಮೇಲೆ ಕುಳಿತುಬಿಟ್ಟಳು.

"ಏನಮ್ಮಾ, ಕೋಟು ಚೆನ್ನಾಗಿ ಕೂರಲ್ಲ ಅನ್ಸುತ್ತಾ?" ಎಂದರು ಮೇಷ್ಟ್ರು ಗಾಬರಿಯಿಂದ.

"ಕೂರುತ್ತೆ ಸಾರ್, ಚೆನ್ನಾಗೇ ಕೂರುತ್ತೆ" ಎಂದಳು ಅಂಟಮ್ಮ.

ಅವರು ಹೋದ ಮೇಲೆ ಗಂಡನಿಗೆ ಎಲ್ಲ ಹೇಳಿದಳು. ಅವನು ಟೇಪನ್ನು ಕೊರಳಿಗೆ ಹಾಕಿಕೊಂಡು ಕೇಳಿದ, ಕೇಳಿ ಮುಗಿಯುವ ಮೊದಲೇ ಹೊಟ್ಟೆ ಹಿಡಿದುಕೊಂಡು ನಗತೊಡಗಿದ. "ಟೈಲರ್ ಹೆಂಡ್ತಿ ಆಗಿ ಎಡಬಲ ತಪ್ಪಿದ್ಯಲ್ಲೇ!"

"ನಗಬೇಡ್ರೀ. ಶನಿವಾರ ಪ್ರೂಫಿನ ಮೊದಲ ಕಟ್ಟು ವಾಪಸ್ ಹೋಗುತ್ತೆ. ಸೋಮವಾರ ಆಯಮ್ಮ ಬರ್ತಾರೆ. ನಾನು ಹೇಳಿದ್ರೆ ಅವರ ಮುಖ ಹೇಗಾಗುತ್ತೆ? ಇಪ್ಪತ್ತೆರಡು ವರ್ಷದಲ್ಲಿ ಅವರಿಗೆ ಸಿಕ್ಕಿದ್ದು ಅದೊಂದೇ ರೀ. ಅದೂ ನನ್ನ ಅಂಟು! ಆಮೇಲೆ ನಾನು ಮುಟ್ಟಿರೋ ಬೇರೆ ಪುಸ್ತಕಗಳನ್ನ ಯಾರು ನಂಬ್ತಾರೆ?"

ಅತ್ತೆಯ ಕಿವಿ ಆಗ ಚೆನ್ನಾಗಿ ಕೇಳುತ್ತಿತ್ತು. "ಅಷ್ಟು ವರ್ಷ ತೆಪ್ಪಗೆ ಬಿದ್ದಿರೋ ಲಿವರ್‌ನ ಈಗ ಯಾಕೆ ಕೆದಕ್ತೀಯೇ? ಅದಕ್ಕೇನು ಹಸಿವಾ, ನಿದ್ದೆಯಾ? ಬಾಯಿ ಮುಚ್ಕೊಂಡು ಇದ್ಬಿಡು."

ಗಂಡ ನಗು ನಿಲ್ಲಿಸಿದ. "ಹಾಗಲ್ಲಮ್ಮಾ. ಬಟ್ಟೆ ಅಂಗಡೀಲಿ ಇರೋವಾಗ ತಪ್ಪು ಗೊತ್ತಾದ್ರೆ ಬಿಚ್ಚಿ ಹೊಲೀಬಹುದು. ಮದುವೆ ಮನೇಲಿ ಎಲ್ಲರ ಎದುರಿಗೆ ಗೊತ್ತಾದ್ರೆ ಗಿರಾಕಿ ಮಾನ ಹೋಗುತ್ತೆ. ಪ್ರೂಫ್ ಇನ್ನೂ ಅಂಗಡೀಲಿದೆ. ಹೇಳಿಬಿಡೇ."

ಹೇಳಿಬಿಡು ಎನ್ನುವುದು ಸುಲಭ. ಗುರುವಾರ ಅವಳು ಬಾಯಿ ತೆರೆಯುವಷ್ಟರಲ್ಲಿ ಮೇಷ್ಟ್ರು ಬಿಸ್ಕತ್ತಿನ ಪೊಟ್ಟಣ ಬಿಚ್ಚಿ, "ತಗೊಳ್ಳಿ, ನೂರಹದಿನೇಳರ ಲೆಕ್ಕದಲ್ಲಿ" ಎಂದರು. ಅವಳು ಬಿಸ್ಕತ್ತು ತಿಂದು ತನ್ನ ಕೋಣೆಗೆ ವಾಪಸ್ ಬಂದಳು. ಶುಕ್ರವಾರ "ಸಾರ್, ಒಂದು ಮಾತು" ಎಂದಳು. ಅವರು ಆ ಪುಟವನ್ನೇ ತೆರೆದಿಟ್ಟುಕೊಂಡು ಕಾಗದದ ಮನುಷ್ಯನನ್ನು ಅಜ್ಜ ಮೊಮ್ಮಗನನ್ನು ನೋಡುವಂತೆ ನೋಡುತ್ತಿದ್ದರು. "ಒಲೆಗೆ ಹೊಸ ಬತ್ತಿ ಬೇಕು ಸಾರ್" ಎಂದು ಹೇಳಿ ಹೊರಬಂದಳು. ಆ ಒಲೆಗೆ ಬತ್ತಿಯೇ ಇಲ್ಲ, ಅದು ಕರೆಂಟಿನದು. ಮೇಷ್ಟ್ರು ಅದನ್ನೂ ಗಮನಿಸದೆ ಚೀಟಿಯಲ್ಲಿ ಬರೆದುಕೊಂಡರು.

ಶನಿವಾರ ಬೆಳಗ್ಗೆ ಅವಳು ಅಂಟು ಕಾಯಿಸಲಿಲ್ಲ. ಡ್ರಾಯರು ಎಳೆದು, ಒಂದನೆಯ ನೋಟ್‌ಬುಕ್ಕು ತೆಗೆದುಕೊಂಡು ನೇರವಾಗಿ ಪಕ್ಕದ ಕೋಣೆಗೆ ಹೋದಳು. ಮೇಷ್ಟ್ರು ಪ್ರೂಫಿನ ಕಟ್ಟಿಗೆ ದಾರ ಸುತ್ತುತ್ತಿದ್ದರು.

"ಸಾರ್, ಆ ಲಿವರ್ ಅಂಟಿಸಿದ್ದು ಅಚ್ಚಿನಮನೆಯೋರಲ್ಲ. ನಾನು."

ಮೇಷ್ಟ್ರ ಕೈಯಲ್ಲಿ ದಾರ ಹಾಗೇ ನಿಂತಿತು. ಅವಳು ತಡವರಿಸದೆ ಎಲ್ಲ ಹೇಳಿದಳು: ನೆಲಕ್ಕೆ ಬಿದ್ದ ಚೂರು, ಬಿಳೀ ಕೋಟಿನ ಹುಡುಗ, ಅವನ ಬಲ, ಪುಟದ ಬಲ, ಕೊನೆಗೆ ಮೇಷ್ಟ್ರ ಜೇಬು. ಹೇಳಿ ನೋಟ್‌ಬುಕ್ಕನ್ನು ತೆರೆದು ಮೇಜಿನ ಮೇಲಿಟ್ಟಳು. ಅಲ್ಲಿ ಅವಳದೇ ಕೈಯ ಪುಟ್ಟ ಪೆನ್ಸಿಲ್ ಚಿತ್ರ, ಕೈ ಅಗಲಿಸಿ ನಿಂತ ಮನುಷ್ಯ. ಬಾಣದ ಗುರುತು ಬಲಕ್ಕೆ.

ಮೇಷ್ಟ್ರು ಎದ್ದು ಕಿಟಕಿಯ ಹತ್ತಿರ ಹೋದರು. ಅಂಟಮ್ಮನಿಗೆ ಅವರ ಬೆನ್ನು ಮಾತ್ರ ಕಾಣುತ್ತಿತ್ತು. ಹಳೇ ಕೋಟಿನ ಬೆನ್ನ ಹೊಲಿಗೆ ಒಂದು ಕಡೆ ಬಿಟ್ಟಿತ್ತು. ಅದನ್ನು ನೋಡಿ ಅವಳಿಗೆ ಅಳು ಬಂದುಬಿಟ್ಟಿತು.

"ನನ್ನ ಇಡೀ ಜೀವನದಲ್ಲಿ ಒಂದು ಸಿಕ್ಕಿತ್ತು" ಎಂದರು ಅವರು ತಿರುಗದೆ. "ಅದು ಮೈದಾ ಹಿಟ್ಟು."

"ತಪ್ಪಾಯ್ತು ಸಾರ್."

"ಇನ್ನೇನೇನು ಅಂಟಿಸಿದ್ದೀರಿ?" ಈಗ ಅವರ ದನಿ ಏರಿತು. "ನಾನು ಅಚ್ಚಿನಮನೆಯದು ಅಂತ ಬರೆದಿರೋದ್ರಲ್ಲಿ ಇನ್ನೆಷ್ಟು ನಿಮ್ಮದು? ನೂರಾ? ಇನ್ನೂರಾ? ನನ್ನ ಪಟ್ಟಿಯ ಯಾವ ಸಾಲನ್ನ ನಾನೀಗ ನಂಬಲಿ?"

ಅವಳಿಗೆ ಭಯವಾಗಿದ್ದ ಪ್ರಶ್ನೆ ಅದೇ. ಆದರೆ ಕೇಳಿದ ಮೇಲೆ ಭಯವೇ ಹೋಯಿತು. ಕಣ್ಣೊರೆಸಿಕೊಂಡು ಹೋಗಿ ಉಳಿದ ಹತ್ತು ನೋಟ್‌ಬುಕ್ಕುಗಳನ್ನೂ ಎರಡೂ ಕೈಯಲ್ಲಿ, ಅಂಟಿನ ಪಾತ್ರೆಯನ್ನು ಹಿಡಿದುಕೊಳ್ಳುವ ಹಾಗೆಯೇ ಹಿಡಿದುಕೊಂಡು ಬಂದು ಮೇಜಿನ ಮೇಲಿಟ್ಟಳು. "ಎಲ್ಲ ಇದರಲ್ಲಿದೆ ಸಾರ್. ಒಂದೂ ಬಿಟ್ಟಿಲ್ಲ. ಬೈಯೋದಾದ್ರೆ ಓದಿ ಆಮೇಲೆ ಒಟ್ಟಿಗೇ ಬೈದುಬಿಡಿ."

ಆಮೇಲೆ ತನ್ನ ಕೋಣೆಗೆ ಹೋಗಿ ಕುಳಿತಳು. ಹನ್ನೊಂದಾಯಿತು, ಹನ್ನೆರಡಾಯಿತು. ಗೋಡೆಯಾಚೆಯಿಂದ ಪುಟ ತಿರುವುವ ಸದ್ದು ಬಿಟ್ಟರೆ ಬೇರೆ ಇಲ್ಲ. ಒಂದು ಗಂಟೆಗೆ ಮೇಷ್ಟ್ರ ಊಟದ ಡಬ್ಬಿ ತೆರೆದ ಸದ್ದೂ ಕೇಳಲಿಲ್ಲ. ಎರಡಕ್ಕೆ ಇದ್ದಕ್ಕಿದ್ದಂತೆ "ಅಯ್ಯಯ್ಯೋ!" ಎಂಬ ಕೂಗು. ಅಂಟಮ್ಮ ಎದ್ದು ಓಡಿದಳು.

ಮೇಷ್ಟ್ರ ಕೂದಲು ಕೆದರಿತ್ತು. ಒಂದು ಕೈಯಲ್ಲಿ ಪ್ರೂಫ್, ಇನ್ನೊಂದರಲ್ಲಿ ಐದನೆಯ ನೋಟ್‌ಬುಕ್ಕು. "ನಲವತ್ತಮೂರನೇ ಪುಸ್ತಕ! ಎರಡು ಹಾಳೆ ತಲೆಕೆಳಗಾಗಿದೆ, ಯಾರು ಯಾವಾಗ ಅಂತ ನಾನು ಎಂಟು ತಿಂಗಳು ತಲೆ ಕೆಡಿಸಿಕೊಂಡಿದ್ದೆ. ಇಲ್ಲಿ ನೀವು ಬರೆದಿದ್ದೀರಿ. 'ಬಿಚ್ಚುವಾಗಲೇ ತಲೆಕೆಳಗೆ ಇತ್ತು, ಹಳೇ ದಾರದ ತೂತು ಹೊಂದುತ್ತೆ, ಹಾಗೇ ಬಿಟ್ಟಿದ್ದೇನೆ.' ಅಂದ್ರೆ ಅದು ಮೊದಲಿನಿಂದಲೂ ಹಾಗೇ! ಇನ್ನೂರ ಆರರ ರಟ್ಟು, ಮುನ್ನೂರರ ಕೊನೇ ಹಾಳೆ, ಎಲ್ಲ ಇದೆ! ನಾನು ಅಜ್ಞಾತ ಕೈ ಅಂತ ಬರೆದಿರೋ ಎಪ್ಪತ್ತೆಂಟು ಕಡೆ ಐವತ್ತೊಂದು ನಿಮ್ಮದೇ ಕೈ. ಪಕ್ಕದ ಕೋಣೆ! ನಡುವೆ ಒಂದು ಗೋಡೆ! ನೀವು ಯಾಕೆ ಹೇಳಲಿಲ್ಲ?"

"ನೀವು ಕೇಳಿದ್ರೆ ತಾನೇ ಸಾರ್?"

ಮೇಷ್ಟ್ರು ತಲೆ ಕೆರೆದುಕೊಂಡರು. ಎಲ್ಲರ ತಪ್ಪು ತಿದ್ದುವ ಪೆನ್ಸಿಲ್ಲು ಕಿವಿಯ ಮೇಲಿಂದ ಜಾರಿ ನೆಲಕ್ಕೆ ಬಿತ್ತು. ಅವರು ಅದನ್ನು ಎತ್ತಿಕೊಳ್ಳಲೂ ಇಲ್ಲ. "ಇಲ್ಲ, ಕೇಳಲಿಲ್ಲ" ಎಂದರು. "ಪುಸ್ತಕದ ಪ್ರತಿ ಹಾಳೆಯನ್ನೂ ಬೆಳಕಿಗೆ ಹಿಡಿದು ನೋಡಿದೆ. ಪಕ್ಕದ ಕೋಣೆಯೋರನ್ನ ಒಂದು ಮಾತು ಕೇಳಲಿಲ್ಲ." ಆಮೇಲೆ ಒಂದನೆಯ ನೋಟ್‌ಬುಕ್ಕನ್ನು ಅವಳ ಕಡೆ ತಿರುಗಿಸಿದರು. "ಇದನ್ನ ಓದಿ. ನಿಮ್ಮ ಅಕ್ಷರವೇ."

ಅಂಟಮ್ಮ ಓದಿದಳು: "ಪುಟದ ಎಡಗಡೆ ಉದ್ದಕ್ಕೆ ಒಂದು ಕಂದು ಕಲೆ. ಒರೆಸಿದರೂ ಹೋಗಲಿಲ್ಲ."

"ಕಲೆ ಅಲ್ಲಮ್ಮಾ ಅದು. ಹಳೇ ಅಂಟು. ಲಿವರ್ ಮೊದಲು ಇದ್ದ ಜಾಗ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊದಲು ನಕ್ಕವರು ಯಾರು ಎಂದು ಹೇಳುವುದು ಕಷ್ಟ. ಓದುವ ಕೋಣೆಯಲ್ಲಿದ್ದ ವಿದ್ಯಾರ್ಥಿಗಳು ತಲೆ ಎತ್ತಿ ನೋಡುವಷ್ಟು ಜೋರಾಗಿ ನಕ್ಕರು. ಅಚ್ಚಿನವರಿಗೆ ಎರಡು ತಿಂಗಳು ಕಾಯಿರಿ ಎಂದು ಮೇಷ್ಟ್ರು ಅಂದೇ ಫೋನ್ ಮಾಡಿದರು. ವಿದುಷಿಗೂ ಮಾಡಿದರು, ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಆ ಕಡೆಯಿಂದ ಏನು ಉತ್ತರ ಬಂತೋ, "ಹಾಗಾದ್ರೆ ಬರ್ತೀರಾ? ಸರಿ, ಸರಿ" ಎಂದು ಹುಬ್ಬೇರಿಸಿ ಫೋನ್ ಇಟ್ಟರು.

ಸೋಮವಾರ ವಿದುಷಿ ಬಂದರು. ಗಿಡ್ಡನೆಯ, ದೊಡ್ಡ ಕೈಚೀಲದ, ಬೂಟಿಗೆ ಧೂಳು ಮೆತ್ತಿದ ಹೆಂಗಸು. ಮೇಷ್ಟ್ರು ಹೊಸ ಕೋಟಿನಲ್ಲಿ ಬಾಗಿಲಲ್ಲೇ ನಿಂತಿದ್ದರು. ಜೇಬು ಎಡಕ್ಕೇ ಇತ್ತು, ಅವರದೇ ಎಡಕ್ಕೆ. "ಇನ್ನೂ ಸರಿಪಡಿಸಿಲ್ಲ ತಾನೇ? ನನ್ನೆದುರೇ ಬಿಚ್ಚಿ, ನೋಡ್ಬೇಕು" ಎಂದರು ವಿದುಷಿ.

ಅಂಟಮ್ಮ ಶಾಯಿ ಹೀರುವ ಒತ್ತುಕಾಗದವನ್ನು ಒದ್ದೆ ಮಾಡಿ, ಬೆರಳಗಲಕ್ಕೆ ಕತ್ತರಿಸಿ ಯಕೃತ್ತಿನ ಅಂಚಿನ ಮೇಲಿಟ್ಟಳು. ಮೇಲೆ ಒಂದು ಗಾಜಿನ ತುಂಡು. ಹಳೇ ಅಂಟು ನೆನೆಯುವವರೆಗೆ ಕಾಯಬೇಕು. ಮೇಷ್ಟ್ರು ಕುಳಿತು ಎದ್ದರು, ಎದ್ದು ಕುಳಿತರು. ಅವಳು ಮಾತ್ರ ಕೈಕಟ್ಟಿ ಕುಳಿತಿದ್ದಳು. ಕಾಗದ ಹರಿದರೆ ಈ ಸಲ ಯಾವ ನೋಟ್‌ಬುಕ್ಕೂ ಕಾಪಾಡುವುದಿಲ್ಲ. ಕಾಲು ಗಂಟೆಯ ಮೇಲೆ ತೆಳ್ಳನೆಯ ಮೂಳೆಯ ಪಟ್ಟಿಯನ್ನು ಅಡಿಗೆ ತೂರಿಸಿ ಉಸಿರು ಬಿಗಿಹಿಡಿದು ಸರಿಸಿದಳು. ತನ್ನ ಇಪ್ಪತ್ತೇಳನೆಯ ವಯಸ್ಸಿನಲ್ಲಿ ಹಚ್ಚಿದ ಮೈದಾ ಒಂದು ಮಾತೂ ಆಡದೆ ಬಿಟ್ಟುಕೊಟ್ಟಿತು. ಯಕೃತ್ತು ಇಡಿಯಾಗಿ ಅವಳ ಅಂಗೈಗೆ ಬಂತು.

"ಬಿಳೀ ಗೋಂದು ಹಾಕಿದ್ರೆ ಇವತ್ತು ಪುಟವೇ ಕಿತ್ತುಬರ್ತಿತ್ತು" ಎಂದರು ವಿದುಷಿ ಮೆಲ್ಲನೆ. ಎಡಕ್ಕೆ, ಕಂದು ಗೀಟಿನ ಮೇಲೆ ಚೂರನ್ನು ಇಟ್ಟಾಗ ಅಂಚಿಗೆ ಅಂಚು ಸರಿಯಾಗಿ ಕೂತಿತು. ಜಠರಕ್ಕೂ ಕೊನೆಗೆ ನೆಮ್ಮದಿಯಾಯಿತು. ಮೇಷ್ಟ್ರು ಬಗ್ಗಿ ನೋಡಿ, "ಈಗ ನಮ್ಮದೂ ಎಲ್ಲರದರ ಹಾಗೇ ಇದೆ" ಎಂದರು. ಆ ಮಾತಿನಲ್ಲಿ ಒಂಚೂರು ನೋವಿತ್ತು, ಇಲ್ಲವೆಂದರೆ ಸುಳ್ಳಾಗುತ್ತದೆ.

"ಪುಸ್ತಕ ಎಲ್ಲರದರ ಹಾಗಿದೆ, ಇದು ಇಲ್ಲ" ಎಂದರು ವಿದುಷಿ, ನೋಟ್‌ಬುಕ್ಕುಗಳ ಮೇಲೆ ಕೈಯಿಟ್ಟು. "ನಮ್ಮಲ್ಲಿ ಆರು ಸಾವಿರ ಹಳೇ ಪುಸ್ತಕ ಇವೆ. ರಿಪೇರಿ ಮಾಡಿದ ಒಬ್ಬರೂ ಒಂದು ಸಾಲು ಬರೆದಿಟ್ಟಿಲ್ಲ. ತಪ್ಪು ಮಾಡಿದೆ ಅಂತ ಬಂದು ಹೇಳಿದೋರಂತೂ ಇಲ್ಲವೇ ಇಲ್ಲ. ನಾನು ಬಂದಿದ್ದು ಲಿವರ್ ನೋಡೋಕಲ್ಲ." ಸಂಜೆಯವರೆಗೆ ಕುಳಿತು ಹನ್ನೊಂದು ನೋಟ್‌ಬುಕ್ಕಿನ ಪ್ರತಿ ಪುಟದ ಫೋಟೋ ತೆಗೆದರು. ನಡುನಡುವೆ ಅಂಟಮ್ಮನನ್ನು ಮೈದಾ ಎಷ್ಟು, ನೀರೆಷ್ಟು ಎಂದು ಕೇಳಿ ಬರೆದುಕೊಂಡರು.

ಎರಡು ತಿಂಗಳಾದ ಮೇಲೆ ಹೊಸ ಪ್ರೂಫ್ ಬಂತು. ಮತ್ತೆ ಇಬ್ಬರೂ ಎದುರುಬದುರು. ಈ ಸಲ ಮೇಷ್ಟ್ರು ಪ್ರೂಫನ್ನೇ ಅವಳ ಕೈಗೆ ಕೊಟ್ಟು, ಕೈಬರಹ ತಾವಿಟ್ಟುಕೊಂಡರು. ನೂರಹದಿನೇಳು ಬಂದಾಗ ಅಂಟಮ್ಮ ಎಂದಿನಂತೆ ಒಂದೇ ಸಮ ಓದತೊಡಗಿದಳು.

"ಯಕೃತ್ತಿನ ಚೂರು ಸಡಿಲವಾಗಿ ಬಿದ್ದಿದ್ದು, ಪುಟದ ಬಲಕ್ಕೆ ತಪ್ಪಾಗಿ ಅಂಟಿಸಲಾಗಿತ್ತು. ಇಪ್ಪತ್ತೊಂಬತ್ತು ವರ್ಷಗಳ ನಂತರ ಮೂಲದ ಅಂಟಿನ ಗುರುತಿನ ಮೇಲೆ ಮತ್ತೆ ಕೂರಿಸಲಾಯಿತು. ಅಂಟಿಸಿದವರು, ತಪ್ಪನ್ನು ಕಂಡವರು, ತಾವಾಗಿ ಬಂದು ತಿಳಿಸಿದವರು ಮತ್ತು ಸರಿಪಡಿಸಿದವರು..."

ಮುಂದೆ ಒಂದು ಹೆಸರಿತ್ತು. ಓದುವ ಭರದಲ್ಲಿ ಅದನ್ನೂ ಓದಿದಳು. ಓದಿ, ಯಾರಪ್ಪಾ ಇದು ಎಂದು ಅರೆಕ್ಷಣ ಅನ್ನಿಸಿ, ದನಿ ನಿಂತುಹೋಯಿತು. ಆ ಹೆಸರನ್ನು ಈ ಕಟ್ಟಡದಲ್ಲಿ ಯಾರೂ ಜೋರಾಗಿ ಕೂಗಿದ್ದೇ ಇಲ್ಲ. ಅವಳ ಅಮ್ಮ ಕರೆಯುತ್ತಿದ್ದ ಹೆಸರು. ಮುಂದೆ ತವರಿನ ಇನಿಷಿಯಲ್ಲೂ ಇತ್ತು.

"ನಿಮ್ಮ ಯಜಮಾನರನ್ನ ಕೇಳಿದೆ, ಕೋಟು ತರೋಕೆ ಹೋದಾಗ" ಎಂದರು ಮೇಷ್ಟ್ರು, ಕೈಬರಹದಿಂದ ಕಣ್ಣೆತ್ತದೆ. "ಇಪ್ಪತ್ತೆರಡು ವರ್ಷ ಪಕ್ಕದಲ್ಲಿದ್ದು ನಿಮ್ಮ ಹೆಸರು ನನಗೆ ಗೊತ್ತಿರಲಿಲ್ಲ. ನಾಚಿಕೆ ಆಯ್ತು. ಐವತ್ತೊಂದು ಕಡೆ ಅಜ್ಞಾತ ಕೈ ಹೊಡೆದುಹಾಕಿ ಇದನ್ನೇ ಬರೆದಿದ್ದೀನಿ. ಅಕ್ಷರ ಸರಿಯಿದೆಯಾ ನೋಡಿ."

ಅಂಟಮ್ಮ ಪ್ರೂಫನ್ನು ಕಣ್ಣಿನ ಹತ್ತಿರ ತಂದಳು, ದೂರ ಹಿಡಿದಳು. ಅಕ್ಷರಗಳು ಕಲೆಸಿ ಕಾಣುತ್ತಿದ್ದವು. ಮೂಗು ಒರೆಸಿಕೊಂಡಳು.

"ಸರಿಯಿದೆ ಸಾರ್. ಇನ್ನೊಂದ್ಸಲ ಓದ್ಲಾ?"

"ಓದಿ."

ಅವಳು ಇನ್ನೊಮ್ಮೆ ಓದಿದಳು, ಈ ಸಲ ಕಾರಿಡಾರಿಗೂ ಕೇಳುವ ಹಾಗೆ.